ಅಕ್ಕ ಹಾಡಿದ ಎರಡು ಸಾಲು

ನಾನು ಫೋಟೋಗಳಿಗೆ ಫ್ರೇಮ್ ಕಟ್ಟುವವನು. ನನ್ನ ಅಂಗಡಿಗೂ ಪಕ್ಕದ ಸ್ಟುಡಿಯೋಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ನಾನು ಗಾಜು ಕೊಯ್ಯುವ ಸದ್ದು ಅತ್ತ ಹೋಗುತ್ತದೆ, ಅಲ್ಲಿಯ ಮಾತು ಇತ್ತ ಬರುತ್ತದೆ. ಇಪ್ಪತ್ತೆಂಟು ವರ್ಷದಿಂದ ಅಲ್ಲಿಂದ ನಾನು ಕೇಳಿದ್ದು ಒಂದೇ ಪಾಠ: "ಗಲ್ಲ ಸ್ವಲ್ಪ ಮೇಲೆ. ಇಲ್ಲಿ ನೋಡಿ. ಕಣ್ಣು ಬಿಡಿ." ಅದಕ್ಕೇ ಆ ಫೋಟೋಗ್ರಾಫರನಿಗೆ ಊರವರು ಕಣ್ಬಿಡಿ ಎಂದು ಹೆಸರಿಟ್ಟರು. ಸಿಟ್ಟು ಬಂದ ದಿನ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ನಮ್ಮದು ಬೆಟ್ಟದ ಮೇಲಿನ ಊರು. ಒಂದು ಬೀದಿ, ಒಂದು ಶಾಲೆ, ತಿರುವಿನಲ್ಲಿ ಒಂದು ದೊಡ್ಡ ಲಾಡ್ಜು. ಸ್ಟುಡಿಯೋದಲ್ಲಿ ಒಂದು ಸ್ಟೂಲು, ಬಿಳಿ ಪರದೆ, ಗೋಡೆಯ ಕನ್ನಡಿಗೆ ದಾರದಲ್ಲಿ ಕಟ್ಟಿದ ಬಾಚಣಿಗೆ. ಮೊಳೆಗೆ ಒಂದು ಕಪ್ಪು ಕೋಟು. ಊರಿನ ಗಂಡಸರೆಲ್ಲ ಅರ್ಜಿಗಳ ಮೇಲೆ ಕೂತಿರುವುದು ಅದೇ ಕೋಟಿನಲ್ಲಿ. ಸಣಕಲರಿಗೆ ಅವನು ಹಿಂದಿನಿಂದ ಕ್ಲಿಪ್ಪು ಹಾಕುತ್ತಾನೆ, ದಪ್ಪಗಿದ್ದವರಿಗೆ ಉಸಿರು ಹಿಡಿಯಿರಿ ಎನ್ನುತ್ತಾನೆ.

ಕಣ್ಣು ಮುಚ್ಚಿದ ಫೋಟೋ ಫೋಟೋನೇ ಅಲ್ಲ ಎನ್ನುವುದು ಅವನ ಹಟ. ಅಂಥದ್ದನ್ನು ಕಚೇರಿಯವರು ಮುಖದ ಮೇಲೆ ಎಸೆಯುತ್ತಾರೆ, ನಿಜ. ರೀಲು ಹಾಕುವ ಕಾಲದಲ್ಲಿ ಎದುರಿನವರು ರೆಪ್ಪೆ ಎತ್ತಿ ನಿಲ್ಲುವವರೆಗೂ ಅವನು ಬೆರಳು ಅಲ್ಲಾಡಿಸುತ್ತಿರಲಿಲ್ಲ. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಹೊಸ ಚಾಳಿ ಕಲಿತ. ಕ್ಲಿಕ್ ಮಾಡುವುದು, ಒಂದು ಕಣ್ಣು ಹಾಯಿಸುವುದು, ಕಣ್ಣು ಮುಚ್ಚಿದ್ದರೆ ಹೆಬ್ಬೆರಳಿನಲ್ಲಿ ಅಲ್ಲೇ ಅಳಿಸುವುದು. ಹೆಬ್ಬೆರಳು ಅವನನ್ನು ಕೇಳುವುದನ್ನೂ ಬಿಟ್ಟಿತ್ತು.

ಈ ಹಟದ ಬೇರು ಕಚೇರಿಯಲ್ಲಿಲ್ಲ, ಅವನ ಮನೆಯಲ್ಲಿದೆ. ಅವನ ಅಮ್ಮನದು ಇರುವುದು ಒಂದೇ ಫೋಟೋ. ಯಾವನೋ ಊರೂರು ತಿರುಗುವವನು ತೆಗೆದದ್ದು, ಅದರಲ್ಲಿ ಅಮ್ಮನ ಕಣ್ಣು ಮುಚ್ಚಿದೆ. ಮನೆಗೆ ಬಂದವರೆಲ್ಲ ದನಿ ತಗ್ಗಿಸಿ "ತೀರಿಹೋದ ಮೇಲೆ ತೆಗೆದದ್ದಾ?" ಎಂದು ಕೇಳುತ್ತಿದ್ದರು. ಅಮ್ಮ ಹೋದಾಗ ಕಣ್ಬಿಡಿ ಒಂಬತ್ತು ವರ್ಷದವನು. ಆ ಪ್ರಶ್ನೆ ಕೇಳಿಕೊಂಡೇ ಬೆಳೆದ. ಫೋಟೋ ತೆಗೆಯುವಾಗ ಪಕ್ಕದಲ್ಲೇ ಇದ್ದವಳು ಅವನ ಅಕ್ಕ. "ಅಮ್ಮ ನಗ್ತಾ ಇದ್ದಳು ಕಣೋ, ಅದಕ್ಕೆ ಕಣ್ಣು ಮುಚ್ಚಿದೆ" ಎಂದು ಅವಳು ನೂರು ಸಲ ಹೇಳಿದ್ದಾಳೆ. ಇವನು ನಂಬಲಿಲ್ಲ. ಆ ಫೋಟೋಗೆ ಎರಡು ಸಲ ಫ್ರೇಮ್ ಬದಲಿಸಿದವನು ನಾನು. ನನಗೂ ನಗು ಕಂಡಿರಲಿಲ್ಲ.

ಅಕ್ಕ ಅವನಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಮದುವೆಯಾಗಲಿಲ್ಲ. ಲಾಡ್ಜಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೆಲಸ. ನಲವತ್ತು ಕೋಣೆಯ ಹಾಸಿಗೆ ಬಟ್ಟೆ, ಟವೆಲು, ದಿಂಬಿನ ಚೀಲ. ಮಿಷನ್ನಿನ ಗಡಗಡ ಸದ್ದಿನ ಮೇಲೆ ಕೇಳಿಸುವ ಹಾಗೆ ಹಾಡಿ ಹಾಡಿ ಅವಳಿಗೆ ಗಂಡಸರದ್ದಕ್ಕಿಂತ ದಪ್ಪ ದನಿ ಬಂದಿತ್ತು. ಮಾತೂ ಹಾಗೇ. ಒಮ್ಮೆ ಲಾಡ್ಜಿನ ಮ್ಯಾನೇಜರು "ಸ್ವಲ್ಪ ಮೆಲ್ಲಗೆ ಹಾಡಮ್ಮ, ಮೇಲಿನವರು ಮಲಗಿದ್ದಾರೆ" ಎಂದದ್ದಕ್ಕೆ, "ಅವರು ಮಲಗಿದ್ದಕ್ಕೇ ತಾನೇ ಸ್ವಾಮಿ ನನಗೆ ಈ ಪಾಡು" ಎಂದಿದ್ದಳು.

ವರ್ಷಕ್ಕೊಮ್ಮೆ ನಮ್ಮ ಶಾಲೆಯ ಹಿಂದಿನ ಬಯಲಿನಲ್ಲಿ ಎರಡು ದಿನ ಬ್ಲೂಸ್ ಸಂಗೀತದ ಮೇಳ ನಡೆಯುತ್ತದೆ. ಬೆಟ್ಟದ ಕೆಳಗಿನವರಿಗೆ ನಮ್ಮ ಗಾಳಿಯ ಮೇಲೆ ಮೋಹ. ಗಿಟಾರು, ಡ್ರಮ್ಮು, ಬೀರುವಿನಷ್ಟು ದೊಡ್ಡ ಸ್ಪೀಕರುಗಳನ್ನು ಹೊತ್ತು ಬಂದು ನಮ್ಮ ಕಿವಿ ತೂತು ಮಾಡಿ ಹೋಗುತ್ತಾರೆ. ಮೊದಲ ವರ್ಷ ಬೈದುಕೊಂಡೇ ಹೋದೆ. ಆಮೇಲೆ ನನಗೂ ಅಂಟಿತು. ಆ ಹಾಡಿನ ಕಟ್ಟು ಸುಲಭ: ಒಂದು ಸಾಲು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ. ಮೊದಲೆರಡು ಸಾಲಿನಲ್ಲಿ ಹೆಂಡತಿ ಬಿಟ್ಟುಹೋಗಿರುತ್ತಾಳೆ, ಮೂರನೆಯದರಲ್ಲಿ ಆಸಾಮಿ ಏನೋ ಒಂದು ಹೇಳಿ ನಗಿಸಿಬಿಡುತ್ತಾನೆ.

ಮೇಳದ ಫೋಟೋಗ್ರಾಫರ್ ನಮ್ಮ ಕಣ್ಬಿಡಿಯೇ, ಕೊರಳಿಗೆ ಬಿಲ್ಲೆ ಬೇರೆ. ಆದರೆ ಬ್ಲೂಸ್ ಹಾಡುವವರು ಕಣ್ಣು ಮುಚ್ಚಿಕೊಂಡೇ ಹಾಡುತ್ತಾರೆ. ಇವನೋ, ಹಾಡು ಮುಗಿದು ಅವರು ಕಣ್ಣು ಬಿಟ್ಟು ಜನರತ್ತ ನೋಡುವವರೆಗೂ ಕಾಯುತ್ತಿದ್ದ. ಹೀಗಾಗಿ ಎಲ್ಲ ಕಲಾವಿದರೂ ಬಾಯಿ ಮುಚ್ಚಿ, ಗಲ್ಲ ಎತ್ತಿ, ನೆಟ್ಟಗೆ ನಿಂತಿರುತ್ತಿದ್ದರು. ಒಬ್ಬ ಡ್ರಮ್ಮಿನವನು ತನ್ನ ಫೋಟೋ ನೋಡಿ, "ನನ್ನನ್ನ ಪೊಲೀಸರು ಹುಡುಕ್ತಿದಾರಾ ಸಾರ್?" ಎಂದು ಕೇಳಿದ. ಎಲ್ಲರೂ ನಕ್ಕರು, ಇವನೂ ನಕ್ಕ. ಹುಟ್ಟುಗುಣ ಸುಟ್ಟರೂ ಹೋಗದು ಎಂದುಕೊಂಡೆ ನಾನು.

ನಾನು ಹೇಳಹೊರಟ ವರ್ಷ ಅಕ್ಕನ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತ್ತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಮೇಳ ಶನಿವಾರ, ಭಾನುವಾರ. ಆಪರೇಷನ್ ಸೋಮವಾರ. ಆಮೇಲೆ ಅವಳು ಹಾಡುವಂತಿಲ್ಲ, ಮಾತೂ ಇಲ್ಲ.

"ಅದಕ್ಕೆ ಮುಂಚೆ ಒಂದು ಹಾಡು ಹಾಡ್ಲಾ ಡಾಕ್ಟ್ರೇ?"

"ಒಂದೇ ಒಂದು" ಎಂದರಂತೆ.

ಊರಿನವರಿಗೆಂದು ಶನಿವಾರ ಸಂಜೆ ನಾಲ್ಕಕ್ಕೆ ವೇದಿಕೆ ಬಿಟ್ಟುಕೊಡುತ್ತಾರೆ. ಅಕ್ಕ ಹೆಸರು ಕೊಟ್ಟಳು. ಹಾಡು ಅವಳೇ ಕಟ್ಟಿದ್ದು. ಗಿಟಾರಿಗೆ ಅಂಚೆಯವನು ಒಪ್ಪಿದ. ಶುಕ್ರವಾರ ಸ್ಟುಡಿಯೋಗೆ ಬಂದು ತಮ್ಮನ ಸ್ಟೂಲಿನ ಮೇಲೆ ಕೂತಳು. ಹಲಗೆಯ ಗೋಡೆಯಾಚೆ ನನ್ನ ಕಿವಿ ಇದೆಯೆಂದು ಅವಳಿಗೂ ಗೊತ್ತು.

"ನಂದು ಒಂದು ಫೋಟೋ ಬೇಕು ಕಣೋ. ಹಾಡ್ತಾ ಇರೋದು. ಬಾಯಿ ತೆರೆದಿರಬೇಕು. ಆಮೇಲೆ ನಾನು ಹಾಡ್ತಿದ್ದೆ ಅಂದ್ರೆ ಯಾರು ನಂಬ್ತಾರೆ?"

"ತೆಗೀತೀನಿ ಅಕ್ಕ."

"ಕೊನೇ ಸಾಲಿಗೆ ಜನ ನಗಬೇಕು. ನಗದಿದ್ರೆ ನಾನು ಹಾಡೇ ಇಲ್ಲ ಅಂದ್ಕೋ."

"ಏನದು ಕೊನೇ ಸಾಲು?"

"ನಾಳೆ ಕೇಳು. ಗೋಡೆ ಆಚೆ ಇರೋ ಆ ಮಹಾರಾಯನಿಗೂ ನಾಳೇನೇ."

ಶನಿವಾರ ಮಂಜು ಸರಿದು ಬಿಸಿಲು ಬಿದ್ದಿತ್ತು. ಜನ ಬೆಂಚುಗಳ ಮೇಲೆ, ಶಾಲೆಯ ಮೆಟ್ಟಿಲ ಮೇಲೆ ಕೂತಿದ್ದರು. ಲಾಡ್ಜಿನ ಕೆಲಸದವರೆಲ್ಲ ಒಟ್ಟಾಗಿ ಬಂದಿದ್ದರು. ಅಕ್ಕ ಕೆಲಸಕ್ಕೆ ಹೋಗುವ ಬಟ್ಟೆಯಲ್ಲೇ ವೇದಿಕೆ ಹತ್ತಿದಳು. ತೋಳು ಮಡಿಸಿದ್ದಳು, ಸೋಪಿನ ನೀರಿಗೆ ಬೆಳ್ಳಗಾದ ಬೆರಳುಗಳು ಮೈಕಿನ ಕಂಬ ಹಿಡಿದಿದ್ದವು. ಅಂಚೆಯವನು ಶುರು ಮಾಡಿದ. ಅಕ್ಕ ಕಣ್ಣು ಮುಚ್ಚಿದಳು.

ದನಿ ಒಡೆದಿತ್ತು, ಆದರೂ ಎಂಥ ದನಿ! ಬೆಂಚಿನ ಹಲಗೆ ನನ್ನ ತೊಡೆಯ ಕೆಳಗೆ ಅದುರಿತು. ಮೊದಲ ಪದ್ಯಕ್ಕೆ ಜನ ತಲೆದೂಗಿದರು, ಎರಡನೆಯದಕ್ಕೆ ಚಪ್ಪಾಳೆ ತಾಳ ಹಿಡಿಯಿತು. ಕಣ್ಬಿಡಿ ವೇದಿಕೆಯ ಕೆಳಗೆ ಮಂಡಿಯೂರಿದ್ದ. ಕ್ಲಿಕ್ ಮಾಡುತ್ತಿದ್ದ, ನೋಡುತ್ತಿದ್ದ, ಹೆಬ್ಬೆರಳು ಒತ್ತುತ್ತಿತ್ತು. ಮತ್ತೆ ಕ್ಲಿಕ್, ಮತ್ತೆ ಹೆಬ್ಬೆರಳು. ಇವಳು ಕಣ್ಣೇ ಬಿಡುತ್ತಿಲ್ಲ. ಅವನ ಕತ್ತಿನ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಉಳಿದಿರುವುದು ಒಂದೇ ಪದ್ಯ, ಕ್ಯಾಮೆರಾದಲ್ಲಿ ಒಂದೂ ಫೋಟೋ ಇಲ್ಲ.

ಅಕ್ಕ ಕೊನೆಯ ಪದ್ಯ ಎತ್ತಿದಳು:

"ಊರ ಹಾಸಿಗೆ ಬಟ್ಟೆ ಒಗ್ದೆ ಒಗ್ದೆ, ನನ್ನ ಹಾಸಿಗೇಲಿ ಅರ್ಧ ಮಾಸಲೇ ಇಲ್ಲ..."

ಅದನ್ನೇ ಇನ್ನೊಮ್ಮೆ ಹಾಡಿದಳು. ಚಪ್ಪಾಳೆಯ ತಾಳ ನಿಂತಿತು. ಲಾಡ್ಜಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಅಕ್ಕ ಮೂರನೆಯ ಸಾಲಿಗೆ ಉಸಿರು ಎಳೆದುಕೊಂಡಳು. ತುಟಿಯ ಕೊನೆ ಆಗಲೇ ಮೇಲೆ ಹೋಗುತ್ತಿತ್ತು.

"ಅಕ್ಕಾ, ಕಣ್ಣು ಬಿಡು!"

ಅವನೇ ಕೂಗಿದ್ದು. ಅವನು ಹುಟ್ಟಿದಾಗಿನಿಂದ ಆ ಅಕ್ಕ ತಮ್ಮನ ಕೂಗಿಗೆ ಓಗೊಡದೆ ಇದ್ದವಳಲ್ಲ. ತಟ್ಟನೆ ಕಣ್ಣು ಬಿಟ್ಟಳು, ಬಾಯಿ ಮುಚ್ಚಿತು, ಗಲ್ಲ ಮೇಲೆದ್ದಿತು. ಕ್ಲಿಕ್.

ಅಂಚೆಯವನು ಅದೇ ಮಟ್ಟನ್ನು ಒಂದು ಸುತ್ತು ನುಡಿಸಿ ಕಾದ. ಇನ್ನೊಂದು ಸುತ್ತು ನುಡಿಸಿದ. ಅಕ್ಕ ಬಾಯಿ ತೆರೆದಳು. ಬಂದದ್ದು ಬರೀ ಗಾಳಿ. ಮತ್ತೊಮ್ಮೆ ತೆರೆದಳು, ಅಷ್ಟೂ ಬರಲಿಲ್ಲ. ಜನರಿಗೆ ಕೈಮುಗಿದು ಮೆಟ್ಟಿಲಿಳಿದಳು. ಹಾಡು ಅಲ್ಲಿಗೇ ಮುಗಿಯುವುದು ಎಂದುಕೊಂಡು ಎಲ್ಲರೂ ಜೋರಾಗಿ ಚಪ್ಪಾಳೆ ಹೊಡೆದರು. ಯಾರೂ ನಗಲಿಲ್ಲ.

ಅವನನ್ನು ಹಿಡಿದು ನಾಲ್ಕು ಬಾರಿಸೋಣ ಎನಿಸಿತು, ಸುಳ್ಳು ಹೇಳುವುದಿಲ್ಲ. ಹತ್ತಿರ ಹೋದರೆ ಆ ಪುಣ್ಯಾತ್ಮ ಕ್ಯಾಮೆರಾದ ಪರದೆ ನೋಡುತ್ತ ನಿಂತಿದ್ದ. "ನಲವತ್ತು ಅಳಿಸಿದೆ ಕಣೋ" ಎಂದ. "ನಲವತ್ತು ತೆಗೆದಿದ್ದೆ, ಎಲ್ಲಾ ಅಳಿಸಿದೆ." ಆಗಿನ್ನೂ ಎಲ್ಲರ ಕೈಗೂ ಫೋನಿನ ಕ್ಯಾಮೆರಾ ಬಂದಿರಲಿಲ್ಲ, ಬೇರೆ ಯಾರೂ ತೆಗೆದಿರಲಿಲ್ಲ. ಅಳಿಸಿದ್ದನ್ನು ವಾಪಸ್ಸು ತರಿಸಬಹುದಿತ್ತು ಎಂದು ತಿಂಗಳಾದ ಮೇಲೆ ಯಾರೋ ಹೇಳಿದರು. ಅಷ್ಟರಲ್ಲಿ ಕ್ಯಾಮೆರಾದ ಅದೇ ಕಾರ್ಡಿನ ಮೇಲೆ ಮೇಳದ ಉಳಿದವರೆಲ್ಲ ಬಂದು ಕೂತಿದ್ದರು.

ಸೋಮವಾರ ಆಪರೇಷನ್ ಆಯಿತು. ಬದುಕಿದಳು, ಅದು ದೊಡ್ಡದು. ಆಸ್ಪತ್ರೆಯಲ್ಲಿ ಹದಿನೈದು ದಿನ ಕಣ್ಬಿಡಿ ಅವಳ ಮಂಚದ ಪಕ್ಕದ ಕುರ್ಚಿ ಬಿಟ್ಟೇಳಲಿಲ್ಲ, ಅವಳ ಮುಖವನ್ನೂ ನೇರ ನೋಡಲಿಲ್ಲ. ಆಮೇಲೆ ಸ್ಟುಡಿಯೋ ತೆರೆದ. ಕ್ಯಾಮೆರಾ ಕೊರಳಲ್ಲಿತ್ತು, ಆದರೆ ಗೋಡೆಯಾಚೆಯಿಂದ ಆ ಮಾತು ಕೇಳಿಸಲಿಲ್ಲ. ಜನರನ್ನು ಸುಮ್ಮನೆ ಕೂರಿಸಿ ಕೈಸನ್ನೆಯಲ್ಲೇ ತೆಗೆದು ಕಳಿಸುತ್ತಿದ್ದ. ನನಗೆ ಕೆಲಸದಲ್ಲಿ ಲಯವೇ ತಪ್ಪಿಹೋಯಿತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಕ್ಕ ನನ್ನ ಅಂಗಡಿಗೆ ಬಂದಳು. ಕತ್ತಿಗೆ ತೆಳು ಬಟ್ಟೆ ಸುತ್ತಿತ್ತು, ಕೈಯಲ್ಲಿ ಸ್ಲೇಟು. ಹಿಂದೆ ತಮ್ಮ ಬಾಗಿಲಲ್ಲೇ ನಿಂತ. ಅವಳು ಸ್ಲೇಟಿನ ಮೇಲೆ ಬರೆದಳು: "ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ. ನಾನೀಗ ಭಾರೀ ಶ್ರೀಮಂತೆ." ಆಮೇಲೆ ಚೀಲದಿಂದ ಆ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟಳು. ಬಾಯಿ ಮುಚ್ಚಿದೆ, ಗಲ್ಲ ಎತ್ತಿದೆ, ಕಣ್ಣು ಇಷ್ಟಗಲ. ಯಾವ ಅರ್ಜಿಗೆ ಬೇಕಾದರೂ ಅಂಟಿಸಬಹುದು.

"ಅದಕ್ಕೆ ಫ್ರೇಮ್ ಬೇಡ ಅಕ್ಕ" ಎಂದ ಕಣ್ಬಿಡಿ. "ದಮ್ಮಯ್ಯ, ಅದನ್ನ ಹರಿದು ಹಾಕು. ನಿನ್ನ ಹಾಡನ್ನ ನಾನೇ ಕೊಂದೆ."

ಅಕ್ಕ ಅವನತ್ತ ತಿರುಗಲಿಲ್ಲ. ಫೋಟೋ ಮಗುಚಿದಳು, ನನ್ನ ಕಿವಿಯ ಮೇಲಿದ್ದ ಪೆನ್ಸಿಲು ಕಿತ್ತುಕೊಂಡು ಬೆನ್ನಿಗೆ ಒಂದು ಸಾಲು ಬರೆದು ನನ್ನತ್ತ ತಳ್ಳಿದಳು. ಓದು ಎಂದು ಸನ್ನೆ ಮಾಡಿದಳು.

ನನ್ನ ಕಂಠ ಕೇಳಿದರೆ ಕಪ್ಪೆಗೂ ನಾಚಿಕೆ. ಆದರೂ ಮೊದಲಿನ ಸಾಲನ್ನು ಎರಡು ಸಲ ಹೇಳಿಯೇ ಓದಬೇಕು ಎಂದು ತೋರಿತು. ಓದಿದೆ:

"ಊರ ಹಾಸಿಗೆ ಬಟ್ಟೆ ಒಗ್ದೆ ಒಗ್ದೆ, ನನ್ನ ಹಾಸಿಗೇಲಿ ಅರ್ಧ ಮಾಸಲೇ ಇಲ್ಲ. ಊರ ಹಾಸಿಗೆ ಬಟ್ಟೆ ಒಗ್ದೆ ಒಗ್ದೆ, ನನ್ನ ಹಾಸಿಗೇಲಿ ಅರ್ಧ ಮಾಸಲೇ ಇಲ್ಲ. ಹೋಗ್ಲಿ ಬಿಡೇ ಹುಡುಗಿ, ಅಷ್ಟಾದ್ರೂ ಸೋಪು ಉಳೀತಲ್ಲ!"

ನಗು ನನ್ನ ಮೂಗಿನಿಂದಲೇ ಹೊರಬಂತು. ಮೇಜಿಗೆ ಗುದ್ದಿ ನಕ್ಕೆ. ಗಾಜಿನ ತುಂಡುಗಳು ಗಲಗಲ ಎಂದವು. ಬಾಗಿಲಲ್ಲಿದ್ದವನೂ ತಡೆಯಲಾರದೆ ನಕ್ಕುಬಿಟ್ಟ, ನಗುತ್ತ ನಗುತ್ತಲೇ ಅವನ ಮುಖವೆಲ್ಲ ಒದ್ದೆಯಾಯಿತು. ನಾವಿಬ್ಬರು ನಕ್ಕದ್ದನ್ನು ನೋಡಿದ ಅಕ್ಕ ತಾನೂ ಶುರು ಮಾಡಿದಳು. ಸದ್ದಿಲ್ಲ. ಹೆಗಲು ಕುಣಿಯುತ್ತಿದೆ, ಬಾಯಿ ಅಷ್ಟಗಲ ತೆರೆದಿದೆ, ಕಣ್ಣು ಬಿಗಿಯಾಗಿ ಮುಚ್ಚಿದೆ.

ಕಣ್ಬಿಡಿಯ ಕೈ ತಾನಾಗಿ ಕ್ಯಾಮೆರಾ ಎತ್ತಿತು. ಕ್ಲಿಕ್. ಅವನು ಪರದೆಯತ್ತ ಬಗ್ಗಿದ. ನೋಡನೋಡುತ್ತಿದ್ದಂತೆ ಆ ಹೆಬ್ಬೆರಳು ತನ್ನ ಹಳೆಯ ದಾರಿ ಹಿಡಿಯಿತು.

ನನ್ನ ಕೈಯಲ್ಲಿ ಫ್ರೇಮಿನ ಪಟ್ಟಿಯಿತ್ತು. ಬೀಸಿ ಹೊಡೆದೆ. "ಕೈ ತೆಗಿಯೋ!" ಎಂದು ಕಿರುಚಿದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು.

ಹೆಬ್ಬೆರಳು ಒಂದು ವಾರ ಊದಿಕೊಂಡಿತ್ತು. ಫೋಟೋ ಉಳಿಯಿತು. ಫ್ರೇಮ್ ನಾನೇ ಕಟ್ಟಿದೆ. ಅಕ್ಕ ಅದನ್ನು ಮನೆಯ ಗೋಡೆಯಲ್ಲಿ ಅಮ್ಮನ ಫೋಟೋದ ಪಕ್ಕದಲ್ಲೇ ನೇತುಹಾಕಿಸಿದಳು. ಮೊನ್ನೆ ಲಾಡ್ಜಿಗೆ ಹೊಸದಾಗಿ ಸೇರಿದ ಹೆಂಗಸೊಬ್ಬಳು ಅವಳನ್ನು ನೋಡಲು ಬಂದಿದ್ದಳಂತೆ. ಅಕ್ಕ ಒಳಗಿನಿಂದ ಬರುವ ಮೊದಲೇ ಗೋಡೆಯ ಮುಂದೆ ನಿಂತು ಕಣ್ಬಿಡಿಯನ್ನು ಕೇಳಿದಳಂತೆ: "ಯಾರಣ್ಣ ಇವರು, ಇಬ್ಬರೂ ಯಾಕೆ ಇಷ್ಟು ನಗ್ತಿದಾರೆ?"