ಭಾವನ ದಂಡಿನಲ್ಲಿ ಅಕ್ಕ

ನಮ್ಮ ಭಾವನಷ್ಟು ನಾಚಿಕೆಯ ಇನ್ನೊಬ್ಬ ಗಂಡಸನ್ನು ನಾನು ಕಂಡಿಲ್ಲ. ಬಸ್ಸಿನಲ್ಲಿ ಯಾರಾದರೂ ಅವರ ಕಾಲು ತುಳಿದರೆ ಅವರೇ ‘ಸಾರಿ’ ಅನ್ನುತ್ತಾರೆ. ಮಾಡುವ ಕೆಲಸವೂ ಅವರ ಸ್ವಭಾವಕ್ಕೆ ಹೇಳಿ ಮಾಡಿಸಿದ್ದೇ. ಅವರು ಹಲ್ಲಿನ ಸೆಟ್ ಕಟ್ಟುವವರು. ಹಲ್ಲಿನ ಡಾಕ್ಟರಮ್ಮ ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಇವರು ಅದೇ ಕ್ಲಿನಿಕ್ಕಿನ ಹಿತ್ತಲ ಕಡೆಯ ಕೋಣೆಯಲ್ಲಿ ಕೂತು ಅದಕ್ಕೆ ಹಲ್ಲು ಕೂರಿಸಿ ಕೊಡುತ್ತಾರೆ. ತನ್ನ ಹಲ್ಲು ಕಟ್ಟಿಸಿದ್ದು ಅಂತ ಯಾರು ತಾನೇ ಬಾಯಿ ಬಿಟ್ಟು ಹೇಳುತ್ತಾರೆ? ಹಾಗಾಗಿ ಭಾವನನ್ನು ಹೊಗಳುವವರೂ ಇಲ್ಲ. ರಸ್ತೆಯಲ್ಲಿ ಯಾರಾದರೂ ಇವರು ಕಟ್ಟಿದ ಹಲ್ಲು ತೋರಿಸಿ ನಗುತ್ತಾ ಎದುರಾದರೆ, ಪಾಪ, ಇವರೇ ಮುಖ ಆಚೆ ತಿರುಗಿಸಿ ನಡೆದುಬಿಡುತ್ತಾರೆ.

ನಾನು ಅವರ ಹೆಂಡತಿಯ ತಂಗಿ. ಕ್ಲಿನಿಕ್ಕಿನ ಎದುರು ಸಾಲಿನಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದೇನೆ. ಇಸ್ತ್ರಿಪೆಟ್ಟಿಗೆಗಿಂತ ನನ್ನ ಬಾಯೇ ಹೆಚ್ಚು ಬಿಸಿ ಅಂತ ಗಿರಾಕಿಗಳು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರ ಅಂಗಿಯ ಕಾಲರ್ ನೆಟ್ಟಗಿದೆಯಲ್ಲ, ಅಷ್ಟು ಸಾಕು.

ಅಕ್ಕ ಮದುವೆಗೆ ಮುಂಚೆ ಪಿಂಗಾಣಿ ಕಾರ್ಖಾನೆಯಲ್ಲಿದ್ದಳು. ಕಪ್ಪಿನ ಅಂಚಿಗೆ ಕೂದಲೆಳೆಯಷ್ಟು ಸಣ್ಣದಾಗಿ ನೀಲಿ ಗೆರೆ ಎಳೆಯುವ ಕೆಲಸ. ಎಡಗೈಯಲ್ಲಿ ಚಕ್ರ ತಿರುಗಿಸುತ್ತಾ ಬಲಗೈಯ ಕುಂಚವನ್ನು ಅಲ್ಲಾಡದಂತೆ ಹಿಡಿಯಬೇಕು, ಗೆರೆ ಹೊರಟ ಜಾಗಕ್ಕೇ ಬಂದು ಸೇರಬೇಕು. ಅಕ್ಕ ಎಳೆದ ಗೆರೆ ಎಲ್ಲಿ ಶುರುವಾಯಿತು ಅಂತ ಮೇಸ್ತ್ರಿಗೂ ಪತ್ತೆಯಾಗುತ್ತಿರಲಿಲ್ಲ. ಮದುವೆಯಾದ ಮೇಲೆ ಭಾವ ಅದನ್ನು ಬಿಡಿಸಿದರು. ಜೋರು ಮಾಡಿ ಬಿಡಿಸಲಿಲ್ಲ. “ಆ ಕುಲುಮೆ ಬಿಸಿ, ಆ ಬಣ್ಣದ ವಾಸನೆ ನಿಂಗ್ಯಾಕೆ ಇವಳೇ? ನಾನಿದೀನಲ್ಲ” ಅಂದರು. ಅವರು ಅಕ್ಕನನ್ನು ಕರೆಯುವುದೇ ‘ಇವಳೇ’ ಅಂತ. ಅಂದಿನಿಂದ ಅಂಗೈಯಲ್ಲಿಟ್ಟು ನೋಡಿಕೊಂಡರು. ಭಾರದ ಚೀಲ ಹೊರಲು ಬಿಡಲಿಲ್ಲ, ಬ್ಯಾಂಕಿನ ಸಾಲಿನಲ್ಲಿ ನಿಲ್ಲಲು ಬಿಡಲಿಲ್ಲ. ನನ್ನ ಗಂಡನಿಗೆ ನಾನು ಎಷ್ಟು ಸಲ ಹೇಳಿಲ್ಲ, “ಭಾವನ್ನ ನೋಡಿ ಸ್ವಲ್ಪ ಕಲೀರಿ” ಅಂತ!

ಈ ವರ್ಷ ಭಾವನ ಕೆಲಸ ಹಿಂದೆ ಬೀಳತೊಡಗಿತು. ವಯಸ್ಸಾಯಿತು, ಕೈ ಮೊದಲಿನ ಹಾಗೆ ಓಡುವುದಿಲ್ಲ. ಡಾಕ್ಟರಮ್ಮ ಖಂಡಿತವಾಗಿ ಹೇಳಿಬಿಟ್ಟರು, ಇನ್ನೊಂದು ಕೈ ಸೇರಿಸಿಕೊಳ್ಳಿ, ಇಲ್ಲದಿದ್ದರೆ ನಾನು ಬೇರೆ ಕಡೆ ಕೆಲಸ ಕೊಡಬೇಕಾಗುತ್ತೆ ಅಂತ. ಅವತ್ತು ಊಟಕ್ಕೆ ಕೂತಾಗ ಅಕ್ಕ, “ರೀ, ನಾನೇ ಬರ್ತೀನಿ. ಮೇಣದಲ್ಲಿ ಹಲ್ಲು ಜೋಡಿಸೋದು ತಾನೇ? ಹೇಳಿಕೊಡಿ” ಅಂದಳು. ಎಷ್ಟೋ ಕಾಲದ ಮೇಲೆ ಅವಳು ಬಾಯಿ ಬಿಟ್ಟು ಕೇಳಿದ್ದು ಅದೊಂದೇ. ಭಾವ ತಟ್ಟೆ ನೋಡಿಕೊಂಡೇ, “ಆ ಪುಡಿ, ಆ ಘಾಟು, ನಿನ್ನ ಕೈಲಾಗಲ್ಲ ಬಿಡು. ತಪ್ಪಾದ್ರೆ ಡಾಕ್ಟರಮ್ಮ ಸುಮ್ನೆ ಬೈತಾರೆ, ನಿಂಗ್ಯಾಕೆ ಅದೆಲ್ಲ” ಅಂದರು. ಅಕ್ಕ ಎದ್ದು ಕೈ ತೊಳೆದಳಂತೆ.

ಇಷ್ಟರ ಮಧ್ಯೆ ಯಾರಿಗೂ ಗೊತ್ತಿಲ್ಲದ ಹಾಗೆ ಭಾವನಿಗೆ ಒಂದು ಆಟದ ಹುಚ್ಚು ಹಿಡಿದಿತ್ತು. ಅದಕ್ಕೆ ಬೀಜ ಹಾಕಿದವಳು ನಾನೇ. ನನ್ನ ಮಗಳು ಹೊಸ ಫೋನು ತೆಗೆದುಕೊಂಡ ಮೇಲೆ ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ತನ್ನ ಹಳೆಯ ಯಂತ್ರವನ್ನು ಮೂಲೆಗೆ ಎಸೆದಿದ್ದಳು. ಅದರ ಒಂದು ಗುಂಡಿ ಮುರಿದಿತ್ತು. ಯಾರಿಗಾದರೂ ಕೊಡೋಣ ಅಂತ ಭಾವನ ಹತ್ತಿರ ರಿಪೇರಿಗೆ ಕೊಟ್ಟೆ. ಅವರು ಹಲ್ಲಿನ ಒಸಡಿಗೆ ಬಳಸುವ ಗುಲಾಬಿ ಪ್ಲಾಸ್ಟಿಕ್ಕಿನಲ್ಲೇ ಒಂದು ಗುಂಡಿ ಎರಕ ಹೊಯ್ದು ಕೂರಿಸಿದರು. ಸರಿಯಾಗಿ ಒತ್ತುತ್ತದೋ ಇಲ್ಲವೋ ನೋಡಬೇಕಲ್ಲ, ಒಂದು ಸಲ ಆಡಿ ನೋಡಿದರಂತೆ. ಆಮೇಲೆ ನಾನು ಕೇಳಿದಾಗಲೆಲ್ಲ, “ಇನ್ನೂ ಸರಿಯಾಗಿಲ್ಲ, ಗುಂಡಿ ಸ್ವಲ್ಪ ಬಿಗಿ” ಅನ್ನುತ್ತಿದ್ದರು. ನಾನೂ ಪೆದ್ದಿ, ನಂಬಿದೆ.

ಅದರೊಳಗಿದ್ದದ್ದು ಜಪಾನಿನವರ ಒಂದು ಆಟ. ಚದುರಂಗದ ಹಾಗೆ ಮನೆಮನೆ ಮಾಡಿದ ನೆಲ. ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವ ಒಬ್ಬ ಅಂಚೆಯವನು, ಅವನ ಸುತ್ತ ಅಲೆಯುವ ಆತ್ಮಗಳು. ಆ ಆತ್ಮಗಳಿಗೆ ಮೈಯಿಲ್ಲ. ಅಂಚೆಯವನು ಅವನ್ನು ಕಲ್ಲಿಗೋ ಪೊರಕೆಗೋ ಕೊಡಕ್ಕೋ ಆವಾಹಿಸಿ ಕರೆದರೆ ಮೈ ಬರುತ್ತದೆ, ದೆವ್ವಗಳ ಜೊತೆ ಕಾದಾಡುತ್ತವೆ. ಆದರೆ ಒಂದೊಂದು ಆತ್ಮವೂ ಕೆಲವೇ ಸರದಿಗಳ ಕಾಲ ನಿಲ್ಲುತ್ತದೆ, ಆಮೇಲೆ ಗಾಳಿಯಲ್ಲಿ ಕರಗಿಹೋಗುತ್ತದೆ. ಯಾರನ್ನು ಮೊದಲು ಕರೆಯಬೇಕು, ಯಾರನ್ನು ಕೊನೆಗೆ ಉಳಿಸಿಕೊಳ್ಳಬೇಕು, ಆಟವೆಲ್ಲ ಅದರಲ್ಲೇ ಇದೆ. ಕಾದಾಡಿದವರ ಲೆವೆಲ್ ಏರುತ್ತದೆ, ಬಿದ್ದವರು ಮುಂದಿನ ದ್ವೀಪದಲ್ಲಿ ಮತ್ತೆ ಎದ್ದು ಬರುತ್ತಾರೆ. ಆತ್ಮಗಳಿಗೆ ಹೆಸರಿಡುವವರು ನಾವೇ.

ಭಾವನ ಕೆಲಸದಲ್ಲಿ ಕಾಯುವುದೇ ಹೆಚ್ಚು. ಅಚ್ಚಿಗೆ ಸುರಿದ ಬಿಳಿ ಗಾರೆ ಗಟ್ಟಿಯಾಗುವವರೆಗೆ ಕಾಯಬೇಕು, ಮೇಣ ಆರುವವರೆಗೆ ಕಾಯಬೇಕು. ಆ ಹೊತ್ತಿನಲ್ಲೆಲ್ಲ ಇವರು ದೆವ್ವ ಹೊಡೆಯುತ್ತಾ ಕೂತಿರುತ್ತಿದ್ದರು. ಬಾಗಿಲ ಸದ್ದಾದರೆ ಯಂತ್ರ ಗಾರೆಪುಡಿಯ ಡಬ್ಬದೊಳಗೆ ಸೇರುತ್ತಿತ್ತು. ಮೊಮ್ಮಕ್ಕಳ ವಯಸ್ಸಿನವರು ಆಡುವ ಆಟ ಅಂತ ಅವರಿಗೆ ಒಳಗೊಳಗೇ ಹೇಳಲಾರದಷ್ಟು ನಾಚಿಕೆ.

ಎಲ್ಲ ಬಯಲಾದದ್ದು ಟೀಚರಜ್ಜಿಯ ಸೆಟ್ಟಿನಿಂದ. ನಿವೃತ್ತಿಯಾದ ಆ ಟೀಚರು ತನ್ನ ಹಳೆಯ ವಿದ್ಯಾರ್ಥಿಗಳ ಮುಂದೆ ಭಾಷಣ ಮಾಡುವುದಿತ್ತು, ಅದಕ್ಕೇ ಹೊಸ ಹಲ್ಲು. ಕೊನೆಯ ಹಂತದಲ್ಲಿ ಪ್ಲಾಸ್ಟಿಕ್ ತುಂಬಿದ ಅಚ್ಚನ್ನು ನೀರಿನಲ್ಲಿಟ್ಟು ಸಣ್ಣ ಉರಿಯಲ್ಲಿ ನಿಧಾನಕ್ಕೆ ಬೇಯಿಸಬೇಕು. ನೀರು ಕೊತಕೊತ ಕುದಿದರೆ ಒಸಡಿನೊಳಗೆ ಗುಳ್ಳೆ ಬರುತ್ತದೆ. ಭಾವ ಇದನ್ನು ಕಣ್ಣು ಮುಚ್ಚಿಕೊಂಡು ಮಾಡಬಲ್ಲವರು. ಆದರೆ ಟೀಚರಜ್ಜಿಯ ಸೆಟ್ಟಿನ ಒಸಡು ಹುಳ ತಿಂದ ಹಲಗೆಯ ಹಾಗೆ ತೂತು ತೂತು! ಡಾಕ್ಟರಮ್ಮ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೋಣೆಗೆ ಬಂದರು. ಭಾವನ ಕೈಯಲ್ಲಿ ಆಟ. ಡಬ್ಬದ ಮುಚ್ಚಳ ತೆಗೆಯುವಷ್ಟೂ ವ್ಯವಧಾನ ಸಿಗಲಿಲ್ಲ.

“ಇದಕ್ಕಾ ನೀವು ಕೆಲಸ ತಡ ಮಾಡ್ತಿದ್ದದ್ದು?” ಅಂದರಂತೆ ಡಾಕ್ಟರಮ್ಮ. ಬೈಯಲಿಲ್ಲ, ಅಷ್ಟೇ ಅಂದದ್ದು. “ಇದೊಂದು ಸೆಟ್ ಸರಿ ಮಾಡಿಕೊಡಿ. ಆಮೇಲಿಂದು ನೋಡೋಣ” ಅಂತ ಹೇಳಿ ಹೋದರು.

ಸುದ್ದಿ ನನ್ನ ಅಂಗಡಿ ತಲುಪಲು ಎಷ್ಟು ಹೊತ್ತು? ನನಗೆ ಪಿತ್ತ ನೆತ್ತಿಗೇರಿತು. ಇಸ್ತ್ರಿಪೆಟ್ಟಿಗೆ ಆರಿಸಿ ನೇರ ಅಲ್ಲಿಗೆ ಹೋದೆ. ಭಾವ ಕುರ್ಚಿಯಲ್ಲಿ ಮುದುಡಿಕೊಂಡು ಕೂತಿದ್ದರು. ನೆಲ ಬಾಯಿ ಬಿಟ್ಟಿದ್ದರೆ ಇಳಿದೇಬಿಡುತ್ತಿದ್ದರು.

“ಕೊಡಿ ಇಲ್ಲಿ ಅದನ್ನ” ಅಂದೆ. “ಗುಂಡಿ ಬಿಗಿಯಂತೆ, ಗುಂಡಿ! ಈ ವಯಸ್ಸಲ್ಲಿ ಏನ್ ಭಾವ ಇದು? ಅನ್ನಕ್ಕೆ ಕಲ್ಲು ಹಾಕೋ ಅಂಥದ್ದು ಏನಿದೆ ಇದ್ರಲ್ಲಿ?”

ಅವರು ಯಂತ್ರವನ್ನು ನನ್ನ ಕೈಗೆ ಕೊಟ್ಟರು. ಗಾರೆಪುಡಿಯಿಂದ ಬೆಳ್ಳಗಾಗಿತ್ತು, ಮಧ್ಯದಲ್ಲಿ ಆ ಒಂದು ಗುಲಾಬಿ ಗುಂಡಿ. ಪರದೆಯ ಮೇಲೆ ಅವರ ಆತ್ಮಗಳ ಪಟ್ಟಿ ತೆರೆದಿತ್ತು. ಮೊದಲನೆಯ ಹೆಸರು ಓದಿ ನನ್ನ ಕಣ್ಣು ಅಲ್ಲೇ ನಿಂತಿತು. ‘ನಾದಿನಿ’. ಕೈಯಲ್ಲಿ ಕೊಡಲಿ, ತೊಂಬತ್ತನೇ ಲೆವೆಲ್.

“ಇದು ನಾನಾ?”

“ನೀನು ಮುಂದೆ ನಿಂತ್ರೆ ಯಾವ ದೆವ್ವನೂ ಹತ್ರ ಬರಲ್ಲ” ಅಂದರು ಭಾವ, ತಲೆ ಎತ್ತದೆ.

ಇಷ್ಟು ಕೋಪದಲ್ಲೂ ನನಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ. ಕೆಳಗೆ ನೋಡುತ್ತಾ ಹೋದೆ. ‘ಅತ್ತೆ’, ನಮ್ಮಮ್ಮ, ದೊಡ್ಡ ಗುರಾಣಿ ಹಿಡಿದು ನಿಂತಿದ್ದಾಳೆ, ಏಟು ತಿನ್ನುವುದೇ ಅವಳ ಕೆಲಸ. ‘ಷಡ್ಡಕ’, ನನ್ನ ಗಂಡ, ಹಿಂದೆ ನಿಂತು ಕಲ್ಲು ಎಸೆಯುವವನು, ಸರಿಯಾಗೇ ಇದೆ. ‘ಡಾಕ್ಟರಮ್ಮ’ ಗಾಯ ವಾಸಿಮಾಡುವವರು. ಬೀದಿಯ ಹಾಲಿನವನೂ ಬಿಟ್ಟಿಲ್ಲ. ಎಲ್ಲರೂ ಬಿದ್ದು ಎದ್ದು ಬೆಳೆದು ಗಟ್ಟಿಯಾಗಿದ್ದಾರೆ.

“ಅಕ್ಕ ಎಲ್ಲಿ?” ಅಂದೆ.

ಭಾವ ಗಾರೆಪುಡಿಯ ಡಬ್ಬದ ಮುಚ್ಚಳ ತಿರುಗಿಸತೊಡಗಿದರು. ನಾನೇ ಪಟ್ಟಿಯ ತಳದವರೆಗೆ ಹೋದೆ. ಕಟ್ಟಕಡೆಗೆ ಇತ್ತು, ‘ಇವಳು’. ಒಂದನೇ ಲೆವೆಲ್. ಕೈಯಲ್ಲಿ ಏನೂ ಇಲ್ಲ. ಒಂದು ಸಲವೂ ಕರೆದಿಲ್ಲ.

“ಪಾಪ ಅವಳು ನಿಮಗೇನ್ ಮಾಡಿದ್ಲು ಭಾವ? ಹಾಲಿನವನಿಗಿಂತ ಕಡೆಯಾದಳಾ?” ನನ್ನ ದನಿ ಎದ್ದಿತ್ತು.

“ಹಾಗಲ್ಲ. ಅವಳಿಗೆ ಏಟು ಬೀಳೋದು ನಂಗೆ ನೋಡಕ್ಕಾಗಲ್ಲ.” ಆಮೇಲೆ ಒಂದೊಂದೇ ಮಾತಾಗಿ ಹೊರಬಂತು. ಟೀಚರಜ್ಜಿಯ ಅಚ್ಚು ಒಲೆಯ ಮೇಲಿದ್ದಾಗ ಆಟದ ಕೊನೆಯ ದ್ವೀಪ ನಡೆಯುತ್ತಿತ್ತಂತೆ. ನಾನು ಕರಗಿ ಹೋದೆ, ಅಮ್ಮ ಕರಗಿ ಹೋದಳು, ಎಲ್ಲರ ಸರದಿಯೂ ಮುಗಿಯಿತು. ಒಂದು ದೊಡ್ಡ ದೆವ್ವ ಉಳಿದಿತ್ತು, ಇತ್ತ ಕರೆಯಲು ಉಳಿದವಳು ‘ಇವಳು’ ಒಬ್ಬಳೇ. ಕರೆದರೆ ಒಂದೇ ಏಟಿಗೆ ಹೋಗುತ್ತಾಳೆ, ಕರೆಯದಿದ್ದರೆ ಸೋಲು. ಕರೆಯಲೋ ಬೇಡವೋ ಅಂತ ಬೆರಳು ಗುಂಡಿಯ ಮೇಲಿಟ್ಟು ಕೂತೇಬಿಟ್ಟರಂತೆ. ಅಷ್ಟರಲ್ಲಿ ನೀರು ಉಕ್ಕಿ ಒಲೆ ಮೇಲೆ ಸುರಿಯಿತು.

“ಕರೆದ್ರಾ?”

ಕೇಳಿದ್ದು ನಾನಲ್ಲ. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಯಾವಾಗ ಬಂದಳೋ, ಎಷ್ಟು ಕೇಳಿಸಿಕೊಂಡಳೋ. ಭಾವ ಎದ್ದು ನಿಂತರು, ಮತ್ತೆ ಕೂತರು.

“ಇಲ್ಲ” ಅಂದರು. “ಆಫ್ ಮಾಡಿದೆ.”

ಅಕ್ಕ ನನ್ನ ಕೈಯಿಂದ ಯಂತ್ರ ತೆಗೆದುಕೊಂಡು ಕನ್ನಡಕ ಮೇಲೇರಿಸಿ ಆ ಕೊನೆಯ ಸಾಲನ್ನು ನೋಡಿದಳು. “ಬಿದ್ರೆ ಏನಾಗುತ್ತೆ ಇದ್ರಲ್ಲಿ? ಸತ್ತೇ ಹೋಗ್ತಾರಾ?”

“ಇಲ್ಲ. ಮುಂದಿನ ಸಲ ಎದ್ದು ಬರ್ತಾರೆ.”

“ಅದು ನಿಮಗೆ ಮೊದ್ಲಿಂದ್ಲೂ ಗೊತ್ತಿತ್ತಾ?”

ಭಾವ ಮೇಜಿನ ಮೇಲಿನ ಪುಡಿಯನ್ನು ಅಂಗೈಯಿಂದ ಒರೆಸಿದರು. “ಗೊತ್ತಿತ್ತು” ಅಂದರು.

“ಅಂದ್ರೆ ಬೀಳೋದು ನಂಗೆ ಕಷ್ಟ ಅಂತಲ್ಲ. ನೋಡೋದು ನಿಮಗೆ ಕಷ್ಟ.” ಅಕ್ಕ ಒಂದಿಷ್ಟೂ ದನಿ ಏರಿಸದೆ ಹೇಳಿದಳು. “ಅದಕ್ಕೆ ಇಷ್ಟು ವರ್ಷ ನನ್ನನ್ನ ಒಳಗೇ ಕೂರಿಸಿದ್ರಿ. ನಾನು ಅದನ್ನ ಪ್ರೀತಿ ಅಂದ್ಕೊಂಡು ಎಲ್ರ ಹತ್ರ ಹೇಳ್ಕೊಂಡು ಬಂದೆ.”

ಭಾವನ ಮುಖ ಕಿವಿಯವರೆಗೂ ಕೆಂಪಾಯಿತು. ಡಾಕ್ಟರಮ್ಮನ ಎದುರಿಗೂ ಅವರು ಹಾಗೆ ಆಗಿರಲಿಕ್ಕಿಲ್ಲ. ಆಟ ಆಡುತ್ತಾ ಸಿಕ್ಕಿಬಿದ್ದ ನಾಚಿಕೆಯನ್ನು ಹೇಗೋ ಒರೆಸಿಕೊಳ್ಳಬಹುದಿತ್ತು. ಇದನ್ನು ಎಲ್ಲಿ ಬಚ್ಚಿಡುವುದು? ಅದಕ್ಕೆ ಹಿಡಿಸುವಷ್ಟು ದೊಡ್ಡ ಡಬ್ಬ ಆ ಕೋಣೆಯಲ್ಲಿರಲಿಲ್ಲ. ಭಾವನನ್ನು ನೋಡಿ ಕಲೀರಿ ಅಂತ ಗಂಡನಿಗೆ ಹೇಳುತ್ತಿದ್ದ ನಾನೂ ಎಲ್ಲಿ ನೋಡಬೇಕೋ ತಿಳಿಯದೆ ಗೋಡೆಯ ಕಡೆ ತಿರುಗಿದೆ.

“ಸರಿ ಇವಳೇ” ಅಂದರು ಕೊನೆಗೆ. “ನಾಳೆಯಿಂದ ಬಾ. ಟೀಚರಮ್ಮನ ಸೆಟ್ ನೀನೇ ಜೋಡಿಸು.”

“ನಾಳೆ ಯಾಕೆ?” ಅಂತ ಅಕ್ಕ ಅವರ ಏಪ್ರನ್ ತೆಗೆದು ತಾನೇ ಕಟ್ಟಿಕೊಂಡಳು.

ಟೀಚರಜ್ಜಿಯ ಬಾಯಿಯ ಅಚ್ಚು ಹಾಗೇ ಇತ್ತು. ಭಾವ ಅದರ ಮೇಲೆ ಮೇಣದ ದಿಂಡು ಕೂರಿಸಿ, ಮುಂಭಾಗದ ಹಲ್ಲನ್ನು ಯಾವ ಓರೆಯಲ್ಲಿ ಇಡಬೇಕು, ಬಿಸಿ ಚೂರಿಯಿಂದ ಮೇಣವನ್ನು ಹೇಗೆ ಕರಗಿಸಬೇಕು, ಎಲ್ಲ ತೋರಿಸಿಕೊಟ್ಟರು. ಅಕ್ಕ ದೀಪದ ಕೆಳಗೆ ಬಗ್ಗಿ ಕೂತಳು. ನಾನು ಮನಸ್ಸಿನಲ್ಲೇ ನೀಲಿ ಗೆರೆಯ ಕಪ್ಪುಗಳನ್ನು ನೆನೆಸಿಕೊಂಡೆ. ನೋಡ್ತಾ ಇರಿ ಭಾವ, ಈಗ ನಿಮ್ಮ ಬಾಯಿ ಮುಚ್ಚಿಸ್ತಾಳೆ ನಮ್ಮಕ್ಕ, ಅಂದುಕೊಂಡೆ.

ಅವಳ ಕೈ ನಡುಗಿತು.

ಮೊದಲ ಹಲ್ಲು ಓರೆಯಾಯಿತು. ಎರಡನೆಯದು ಅದಕ್ಕಿಂತ ಒಳಗೆ ಹೋಯಿತು. ಅಕ್ಕ ಕನ್ನಡಕ ಒರೆಸಿಕೊಂಡಳು, ಮೊಣಕೈಯನ್ನು ಮೇಜಿಗೆ ಒತ್ತಿ ಹಿಡಿದಳು, ಉಸಿರು ಬಿಗಿಹಿಡಿದಳು. ಏನು ಮಾಡಿದರೂ ಬೆರಳು ಅವಳ ಮಾತು ಕೇಳಲಿಲ್ಲ. ಚೂರಿಯ ತುದಿ ಬೆರಳಿಗೆ ತಾಗಿ “ಸ್ಸ್” ಅಂದಳು. ಭಾವನ ಕೈ ತಾನಾಗಿಯೇ ಮುಂದೆ ಬಂತು, ಅರ್ಧದಲ್ಲಿ ನಿಂತಿತು. ಅದನ್ನು ಅವರು ತಮ್ಮ ತೊಡೆಯ ಕೆಳಗೆ ತೂರಿಸಿಕೊಂಡು, ಅದರ ಮೇಲೆ ಕೂತುಬಿಟ್ಟರು.

ಮುಂಭಾಗದ ಹಲ್ಲಿನ ಸಾಲು ಮುಗಿಯಿತು. ಒಂದು ಹಲ್ಲೂ ನೆಟ್ಟಗಿರಲಿಲ್ಲ. ಅಕ್ಕ ಅದನ್ನು ದೀಪಕ್ಕೆ ಹಿಡಿದು, ಬಲಕ್ಕೂ ಎಡಕ್ಕೂ ತಿರುಗಿಸಿ ನೋಡಿದಳು. ಆಮೇಲೆ ತನ್ನ ಬೆರಳುಗಳನ್ನು ನೋಡಿದಳು, ಆಮೇಲೆ ಗಂಡನನ್ನು.

“ಒಂದನೇ ಲೆವೆಲ್ಲು, ಅಲ್ವಾ?” ಅಂದಳು.

ಭಾವನ ಕಣ್ಣು ತುಂಬಿತ್ತು. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಕೈ ಎತ್ತಲಿಲ್ಲ. ಯಾವ ಮುಖ ಇಟ್ಟುಕೊಂಡು ಏನು ಅಂತ ಹೇಳುತ್ತಾರೆ? ಇಷ್ಟು ವರ್ಷ ಕುಂಚ ಬಿಡಿಸಿ ಆ ಕೈಯನ್ನು ಹಾಗೆ ಮಾಡಿದವರು ಯಾರು ಅಂತ ಅಲ್ಲಿದ್ದ ಮೂವರಿಗೂ ಗೊತ್ತಿತ್ತು.

ಅಕ್ಕ ಹಲ್ಲುಗಳನ್ನು ಒಂದೊಂದಾಗಿ ಕಿತ್ತು ತಟ್ಟೆಯಲ್ಲಿಟ್ಟಳು. ಮೇಣವನ್ನೆಲ್ಲ ಕೆರೆದು ತೆಗೆದು ಅಚ್ಚನ್ನು ಬರಿದು ಮಾಡಿದಳು.

“ಅಳೋದು ಆಮೇಲೆ ಅತ್ತೀರಂತೆ” ಅಂದಳು. “ಮೇಣ ಕಾಯಿಸಿ, ಇನ್ನೊಂದ್ಸಲ ಜೋಡಿಸ್ತೀನಿ.”

ಭಾವ ಎದ್ದು ಒಲೆ ಹಚ್ಚಿದರು.