ವಿಭೂತಿ ಹಚ್ಚದ ಬೆಳಗು

ಕೊಟ್ಟೂರಿನಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಇಲಿ ಪಾಷಾಣ ಇಡುವ ದಿನ ಮನೆಯಲ್ಲಿ ಯಾರೂ ಇಲಿಯ ಹೆಸರೆತ್ತುವಂತಿರಲಿಲ್ಲ, ಕೇಳಿಸಿಕೊಂಡರೆ ಅವು ತಿನ್ನುವುದಿಲ್ಲವಂತೆ. ಅಂಥ ಮನೆಯ ಮಗಳು ನಾನು, ಬೆಂಗಳೂರಿನ ಪ್ರಯೋಗಾಲಯದಲ್ಲಿ ಇಲಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುದ್ದು ಮಾಡುತ್ತಿದ್ದೆ. ಪಿಎಚ್.ಡಿ. ಅಂದರೆ ಇದೇನಾ ಎಂದು ಊರಲ್ಲಿ ನಗದವರಿಲ್ಲ. ನಗಲಿ ಬಿಡಿ.

ವಾಸನೆ ಬಡಿದಾಗ ಇಲಿಯ ಮಿದುಳಿನಲ್ಲಿ ಯಾವ ಭಾಗ ಚುರುಕಾಗುತ್ತದೆ ಎಂದು ಎಂ.ಆರ್.ಐ. ಯಂತ್ರದಲ್ಲಿ ಚಿತ್ರ ತೆಗೆಯುವುದು ನನ್ನ ಕೆಲಸ. ಮದ್ದು ಕೊಟ್ಟು ಮತ್ತು ಬರಿಸಿದರೆ ಮಿದುಳೂ ಮಂಕಾಗುತ್ತದೆ, ಹಾಗಾಗಿ ಇಲಿ ಎಚ್ಚರವಾಗಿರಬೇಕು. ಎಚ್ಚರವಿದ್ದೂ ಅಲುಗಬಾರದು. ಚೂರು ಅಲುಗಿದರೂ ಚಿತ್ರ ಕಲಸಿಹೋಗುತ್ತದೆ. ಮಕ್ಕಳನ್ನೇ ಸುಮ್ಮನೆ ಕೂರಿಸಲಾಗದು, ಇನ್ನು ಇಲಿಯನ್ನು ಕೇಳಬೇಕೇ? ತಿಂಗಳುಗಟ್ಟಲೆ ರೂಢಿ ಮಾಡಿಸಿದೆ. ಯಂತ್ರದ ಗಡಗಡ ಸದ್ದನ್ನು ಕ್ಯಾಸೆಟ್ಟಿಗೆ ತುಂಬಿಕೊಂಡು ಬಂದು ಕೇಳಿಸಿದೆ. ಕೊನೆಗೊಂದು ಹೆಣ್ಣಿಲಿ ನನ್ನ ಬೆರಳು ಮೂಸಿ, ತಾನಾಗಿಯೇ ಪ್ಲಾಸ್ಟಿಕ್ ಕೊಳವೆಯೊಳಗೆ ಹೋಗಿ ಮಲಗುವಷ್ಟು ಪಳಗಿತು.

ಆ ಚಿತ್ರದ ಮೇಲೆ ನನ್ನ ಬದುಕು ನಿಂತಿತ್ತು. ಯಂತ್ರ ಬೇರೆಯವರದು, ನಮಗೆ ಸಿಕ್ಕಿದ್ದು ಒಂದೇ ಬೆಳಗು. ಚಿತ್ರ ಬಂದರೆ ಓದು ಮುಂದುವರಿಯುತ್ತದೆ, ಬರದಿದ್ದರೆ ಮನೆಯಲ್ಲಿ ನೋಡಿಟ್ಟಿದ್ದ ಹರಪನಹಳ್ಳಿಯ ಗಂಡಿಗೆ ಒಪ್ಪುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟಿದ್ದೆ.

ಪರೀಕ್ಷೆಯೇ ವಾಸನೆಯದು, ಮೈಮೇಲೆ ಬೇರೆ ವಾಸನೆ ಇರಬಾರದು ಎಂದು ಮಾರ್ಗದರ್ಶಕರು ಹಿಂದಿನ ದಿನವೇ ಎಚ್ಚರಿಸಿದ್ದರು. ಸೋಪು ಮುಟ್ಟದೆ ತಿಕ್ಕಿ ತಿಕ್ಕಿ ಸ್ನಾನ ಮಾಡಿದೆ. ತಲೆಗೆ ಎಣ್ಣೆ ಹಚ್ಚಲಿಲ್ಲ. ಲಿಂಗಪೂಜೆ ಮುಗಿಸಿ, ಅವ್ವ ಕಟ್ಟಿಕೊಟ್ಟಿದ್ದ ವಿಭೂತಿ ಗಟ್ಟಿಯನ್ನು ಹಾಗೇ ಬಿಟ್ಟು ಎದ್ದೆ. ಬುದ್ಧಿ ಬಂದಾಗಿನಿಂದ ವಿಭೂತಿ ಇಲ್ಲದೆ ಹೊಸ್ತಿಲು ದಾಟಿದವಳಲ್ಲ ನಾನು.

ಯಂತ್ರವಿದ್ದಲ್ಲಿಗೆ ಹೋಗಿ ಪಂಜರದೊಳಗೆ ಕೈ ಚಾಚಿದೆ. ಇಲಿ ಮೂಸಿತು. ಮತ್ತೆ ಮೂಸಿತು. ಹಿಂದೆ ಸರಿದು ಪಂಜರದ ಮೂಲೆಗೆ ಒತ್ತಿಕೊಂಡಿತು. ಹಿಡಿದು ಕೊಳವೆಗೆ ಸೇರಿಸಿದರೆ ಒದ್ದಾಡಿತು, ನನ್ನ ಕೈಮೇಲೆಲ್ಲ ಉಚ್ಚೆ ಹೊಯ್ದಿತು. ಹುರಿದ ಶೇಂಗಾದ ವಾಸನೆ ಬಿಟ್ಟಾಗಲೂ ಒದ್ದಾಟ ನಿಲ್ಲಲಿಲ್ಲ. ಪರದೆಯ ಮೇಲೆ ಬರೀ ಮಬ್ಬು. ಬೆವರು ಒರೆಸಿಕೊಳ್ಳಲು ಹಣೆಗೆ ಕೈ ಹೋದಾಗಲೇ ಹೊಳೆದದ್ದು: ಅದಕ್ಕೆ ಗೊತ್ತಿದ್ದವಳು ದಿನವೂ ಬೆರಳಿಗೆ ವಿಭೂತಿ ಮೆತ್ತಿಕೊಂಡು ಬರುವವಳು. ಇವಳ್ಯಾರೋ ಬೇರೆಯವಳು. ಹಾಸ್ಟೆಲಿಗೆ ಓಡಿ ವಿಭೂತಿ ತರುತ್ತೇನೆ, ಇನ್ನೊಂದು ಸಲ ಬಿಡಿ ಎಂದು ಗೋಗರೆದೆ. ಮಾರ್ಗದರ್ಶಕರು ಹುಚ್ಚಿಯನ್ನು ನೋಡಿದಂತೆ ನೋಡಿದರು. ಮುಂದಿನ ಸರದಿಯವರು ಬಾಗಿಲಲ್ಲಿ ಕಾದಿದ್ದರು. ಅಯ್ಯೋ ಶಿವನೇ, ಆ ಗಳಿಗೆ ಯಾವ ಶತ್ರುವಿಗೂ ಬೇಡ.

ತೊಟ್ಟ ಚೂಡಿದಾರದಲ್ಲೇ ಬಸ್ಸು ಹತ್ತಿದೆ. ಕೂಡ್ಲಿಗಿ ದಾಟಿದರೂ ಕಣ್ಣೀರು ನಿಲ್ಲಲಿಲ್ಲ. ಪಕ್ಕದ ಹೆಂಗಸು, ಯಾರು ತೀರಿಕೊಂಡರೆಂದು ಕೇಳಿದಳು.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ನೀನ ಕೊಟ್ಟ ಮಾತು ನೋಡವ್ವ,” ಅಂದು, ಹರಪನಹಳ್ಳಿಗೆ ಫೋನ್ ಹಚ್ಚಿದ. ಅವರು ಮರುದಿನವೇ ಹೆಣ್ಣು ನೋಡಲು ಹೊರಟರು.

ಬೆಳಿಗ್ಗೆ ಜಡೆ ಹಾಕಲು ಬಂದ ಅವ್ವ ಮೂಗು ಮುಚ್ಚಿಕೊಂಡಳು. “ಇಲಿ ವಾಸನಿ ಇನ್ನೂ ಹಂಗ ಐತಿ ನಿನ್ನ ಮೈಯಾಗ. ಏಳು, ತಿಕ್ಕಿ ಜಳಕ ಮಾಡು. ಬಂದೋರಿಗೆ ಹತ್ತೀತು.”

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಹಂಡೆಯಲ್ಲಿ ನೀರು ಕಾದಿತ್ತು. ಎರಡೂ ಕೈಯನ್ನು ಮೂಗಿಗೆ ಒತ್ತಿ ಕೂತೆ. ನನ್ನ ಇಲಿ ಇನ್ನೂ ಅಲ್ಲೇ ಇತ್ತು. ಹೊರಗೆ ಅವ್ವ ಬಾಗಿಲು ಬಡಿಯುತ್ತಲೇ ಇದ್ದಳು. ನಾನು ಒಂದು ತಂಬಿಗೆ ನೀರನ್ನೂ ಹೊಯ್ದುಕೊಳ್ಳಲಿಲ್ಲ.