ಶಿವನ ತಲೆಯ ಮೇಲಿನ ತುಂಬೆ

ಹೊಸ ಸಸ್ಯ ಸಿಕ್ಕಿತು ಎಂದರೆ ಜನ ದಟ್ಟ ಕಾಡನ್ನು ಊಹಿಸಿಕೊಳ್ಳುತ್ತಾರೆ. ನನಗೆ ಅದು ಸಿಕ್ಕಿದ್ದು ಕೆ.ಆರ್. ಪುರದಾಚೆ, ಬಾಡಿಗೆ ಮನೆಗಳ ಸಾಲಿನ ಹಿಂದೆ, ಬಟ್ಟೆ ಒಣಹಾಕುವ ಬಂಡೆಯ ಬಿರುಕಿನಲ್ಲಿ. ಗೆಳತಿಗೊಂದು ಮನೆ ನೋಡಲು ಹೋಗಿದ್ದೆ. ಬೆರಳುದ್ದದ ಏಳೆಂಟು ಗಿಡ. ತುಂಬೆಯ ಬಳಗದವೇ, ಆದರೆ ಬಿಳಿ ಹೂವಿನ ತುಟಿಯಲ್ಲಿ ತಿಳಿ ನೇರಳೆ. ಹೂವನ್ನು ಹಿಡಿದ ಹಸಿರು ಬಟ್ಟಲಿನ ಅಂಚಿಗೆ ಹಲ್ಲುಗಳೇ ಇಲ್ಲ! ಗಿಡಗಳನ್ನು ಗುರುತಿಸಿ ವರ್ಗೀಕರಿಸುವುದೇ ನನ್ನ ಕಸುಬು. ಬೊಚ್ಚುಬಾಯಿಯ ತುಂಬೆಯನ್ನು ಎಲ್ಲೂ ಕಂಡಿರಲಿಲ್ಲ. ಮನೆ ನೋಡುವುದು ಮರೆತೇ ಹೋಯಿತು.

ನನಗೆ ಕೆಲಸ ಕಲಿಸಿದ ಹಿರಿಯರು ಶಿವಾಜಿನಗರದವರು. ಅವರಿಗೆ ಹೂವಿನ ಚಿತ್ರ ತೋರಿಸಿದರೆ ಹುಬ್ಬೂ ಏರಿಸಲಿಲ್ಲ. "ಹೂವು ಏಮಾರ್ಸುತ್ತಮ್ಮಾ. ಬಲಿತ ಬೀಜ ತೋರ್ಸು, ಆಮೇಲೆ ಮಾತಾಡೋಣ," ಎಂದರು. ಮೈಯೆಲ್ಲ ಉರಿಯಿತು. ಆದರೆ ಅವರ ಮಾತು ಸರಿ. ಬೇರಿನಿಂದ ಬೀಜದವರೆಗೆ ಇಡೀ ಗಿಡ ಕೈಯಲ್ಲಿದ್ದರೇ ಹೊಸ ಪ್ರಭೇದ ಎಂದು ಸಾಧಿಸಲು ಸಾಧ್ಯ. ಸುತ್ತಲಿನ ಕೆರೆ ಏರಿ, ಕಲ್ಲುಕ್ವಾರಿ ಎಲ್ಲ ಜಾಲಾಡಿದೆ. ಆ ಬಂಡೆ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಬೀಜ ಬಲಿಯುವುದನ್ನೇ ಕಾಯುತ್ತ ಕೂತೆ. "ಹೆರಿಗೆಗೆ ಕಾಯೋ ಹಂಗೆ ಕಾಯ್ತಿದೀಯಲ್ಲೇ," ಎಂದು ಮರ್ಫಿ ಟೌನಿನ ಮನೆಯಲ್ಲಿ ಅಮ್ಮ ಛೇಡಿಸುತ್ತಿದ್ದಳು.

ಬಂಡೆಯ ಒಡತಿ ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನದವರು. ಬೀಜ ಬಲಿಯುವ ಹೊತ್ತಿಗೆ, ಸೋಮವಾರ ನಮ್ಮ ಹಿರಿಯರನ್ನೂ ಕರೆತರುತ್ತೇನೆ ಎಂದಷ್ಟೇ ಅವರಿಗೆ ಫೋನ್ ಮಾಡಿದ್ದೆ, ಗಿಡದ ಮಾತೆತ್ತಿರಲಿಲ್ಲ. ಹೋಗಿ ನೋಡಿದರೆ ಬಂಡೆ ಫಳಫಳ ಹೊಳೆಯುತ್ತಿತ್ತು. ನಡುವೆ ದೊಡ್ಡ ರಂಗೋಲಿ, ಪಕ್ಕದಲ್ಲಿ ಎರಡು ಕುರ್ಚಿ. ಬಿರುಕುಗಳಲ್ಲಿ ಒಂದೆಳೆ ಹಸಿರೂ ಇಲ್ಲ.

"ದೊಡ್ಡೋರು ಬರ್ತಾರೆ ಅಂದ್ರಲ್ಲ, ಕಳೆ ಎಲ್ಲಾ ಕಿತ್ತು ತೊಳ್ಸಿಟ್ಟಿದೀನಿ," ಎಂದರು ಆಕೆ, ನಗುನಗುತ್ತ.

"ಅಯ್ಯಯ್ಯೋ, ಕೀಳೋಕೆ ಯಾರ್ರೀ ಹೇಳಿದ್ದು ನಿಮ್ಗೆ?" ಎಂದು ಕಿರುಚಿಬಿಟ್ಟೆ.

"ಮತ್ತಿನ್ನೇನು, ಮನೇಗೆ ಬಂದೋರ್ನ ಗಲೀಜಲ್ಲಿ ಕೂರಿಸ್ಬೇಕಿತ್ತಾ?" ಎಂದು ಆಕೆಯೂ ಸೊಂಟಕ್ಕೆ ಕೈಯಿಟ್ಟರು.

ಹಿರಿಯರು ಮೆಲ್ಲಗೆ, ಕಿತ್ತದ್ದನ್ನು ಎಲ್ಲಿ ಹಾಕಿದಿರಿ ಎಂದು ಕೇಳಿದರು.

"ಕಳೆ ಕಸದ ಗಾಡಿಗೆ ಹೋಯ್ತು. ತುಂಬೆನ ಯಾರಾದ್ರೂ ಕಸಕ್ಕೆ ಹಾಕ್ತಾರೇನ್ರೀ? ಸೋಮವಾರ ಬೇರೆ! ಶಿವನಿಗೆ ಏರ್ಸಿದೀನಿ."

ಬಂಡೆಯ ಮಗ್ಗುಲಿಗೆ, ಬೇವಿನ ಬುಡದಲ್ಲಿ ಒಂದು ಪುಟ್ಟ ಲಿಂಗ. ಅದರ ತಲೆಯ ಮೇಲೆ ಬೇರು ಸಮೇತ ಒಂದು ಹಿಡಿ ತುಂಬೆ! ನಾನು ಕೈ ಚಾಚಿದ್ದೇ ತಡ, ಆಕೆ ತಡೆದರು. "ದೇವ್ರ ತಲೆ ಮೇಲಿಂದ ನೀವೇ ತಗೊಳ್ಳೋ ಹಾಗಿಲ್ಲ. ಇರಿ, ಪ್ರಸಾದ ಕೊಡ್ತೀನಿ."

ಹಿರಿಯರು ಚಪ್ಪಲಿ ಬಿಟ್ಟು ನಿಂತರು. ಮಂಗಳಾರತಿಯಾಯಿತು. ಕುಂಕುಮ ಮೆತ್ತಿದ ಒದ್ದೆ ಗಿಡಗಳು ನನ್ನ ಬೊಗಸೆಗೆ ಬಂದವು. ಎಷ್ಟೋ ಗುಡಿಗಳಲ್ಲಿ ಪ್ರಸಾದ ತೆಗೆದುಕೊಂಡಿದ್ದೇನೆ, ಒಂದೊಂದು ಗಿಡವನ್ನೂ ತಿರುಗಿಸಿ ನೋಡಿದ್ದು ಅದೊಂದೇ ಸಲ. ಒಂದೇ ಒಂದು ಗಿಡದಲ್ಲಿ ಒಂದು ಬಟ್ಟಲು ಒಣಗಿ ಕಂದಾಗಿತ್ತು. ಅದನ್ನು ಕರವಸ್ತ್ರದ ಮೇಲೆ ತಟ್ಟಿದೆ. ನಾಲ್ಕು ಕಪ್ಪು ಬೀಜ ಉದುರಿದವು.

ಭೂತಗನ್ನಡಿ ಹಿಡಿದೆ. ಮಾಮೂಲಿ ತುಂಬೆಯ ಬೀಜ ನುಣ್ಣಗಿರುತ್ತದೆ. ಇದರ ಮೈತುಂಬ ಹಲಸಿನ ಸಿಪ್ಪೆಯಂತೆ ಮುಳ್ಳುಗಳ ಸಾಲು, ಒಂದು ಸಾಲೂ ಅಂಕುಡೊಂಕಿಲ್ಲ. ಉಸಿರಾಡಿದರೆ ಹಾರಿಹೋದೀತೆಂದು ಉಸಿರು ಬಿಗಿಹಿಡಿದಿದ್ದೆ. ಹಿರಿಯರು ತುಂಬಾ ಹೊತ್ತು ನೋಡಿದರು. "ಹೊಸದೇ ಅಮ್ಮಾ," ಎಂದು ಭೂತಗನ್ನಡಿಯನ್ನು ಮತ್ತೆ ನನ್ನ ಕೈಗಿತ್ತರು. ನಾನಂತೂ ಅತ್ತೇಬಿಟ್ಟೆ.

"ಅಂಥಾದ್ದೇನೈತೆ, ನಂಗೂ ತೋರ್ಸಿ," ಎಂದು ಆಕೆ ಒಂದು ಕಣ್ಣು ಮುಚ್ಚಿ ಬಗ್ಗಿದರು.

"ಅಯ್ಯೋ ಶಿವನೇ... ಇಷ್ಟು ಸಣ್ಣದ್ರಲ್ಲಿ ಇದನ್ನ ಯಾರ್ ಕೂತು ಕೆತ್ತಿದ್ರು?"

ಆಕೆ ಬೆರಳ ತುದಿಗೆ ಎರಡು ಬೀಜ ಅಂಟಿಸಿಕೊಂಡು ಎದ್ದರು. ಒಂದು ಬೀಜವನ್ನೂ ಯಾರಿಗೂ ಬಿಟ್ಟುಕೊಡದ ನಮ್ಮ ಹಿರಿಯರು ಉಳಿದೆರಡನ್ನು ಕರವಸ್ತ್ರದಲ್ಲಿ ಮಡಚಿ, ಪಕ್ಕಕ್ಕೆ ಸರಿದು ಆಕೆಗೆ ದಾರಿ ಬಿಟ್ಟರು. ಆಕೆ ತೊಳೆದ ಬಂಡೆಯ ಮೇಲೆ ಮಂಡಿಯೂರಿ, ಬಿರುಕಿನೊಳಕ್ಕೆ ಅವನ್ನು ಒಂದೊಂದಾಗಿ ತಳ್ಳಿ, ಮೇಲೆ ಚಿಟಿಕೆ ಮಣ್ಣು ಉದುರಿಸಿದರು.